ದೊಡ್ಡ ಕಡಾಯಿ ಯಾರ ಪಾಲಿಗೆ

ದೇವದುರ್ಗ
೮ ಡಿಸೆಂಬರ್ ೨೦೨೪

ಪ್ರೀತಿಯ ನಾದಿನಿ ಯಶೋಧಾಳಿಗೆ,

ಇಲ್ಲಿ ನಾನು, ನಿನ್ನ ಪುಟ್ಟ ಸೊಸೆ, ಹೊರಸಿನ ಕೆಳಗಿನ ಕೆಂಡ ಮೂವರೂ ಬೆಚ್ಚಗಿದ್ದೇವೆ. ರಾಯಚೂರಿನಲ್ಲಿ ನೀನು, ನಮ್ಮ ಬಾಡಿಗೆ ಖೋಲಿ, ಸುತ್ತಿಟ್ಟ ನನ್ನ ಹಾಸಿಗೆ ಹೇಗಿದ್ದೀರಿ?

ಇದು ನನ್ನ ಅಕ್ಷರವಲ್ಲ ಎಂದು ನೋಡಿದ ಕೂಡಲೇ ಗೊತ್ತಾಗಿರಬೇಕು. ಬಾಜು ಮನೆಯ ಪೀರಾ ಸಾಬರ ಮಗಳು ಕಹಕಶಾನ್ ಬರೆಯುತ್ತಿದ್ದಾಳೆ. ಪಿಯುಸಿ ಓದುವ ಹುಡುಗಿ. ನಾನು ಹೊರಸಿನ ಮೇಲೆ ಮಲಗಿಕೊಂಡು ಬಾಯಿಗೆ ಬಂದಂತೆ ಹೇಳುತ್ತೇನೆ, ಈಕೆ ಅದನ್ನು ಪುಸ್ತಕದ ಕನ್ನಡ ಮಾಡಿ ಇಳಿಸುತ್ತಾಳೆ. ಯಾಕೆಂದರೆ ನಮ್ಮವ್ವ ಸೂಗಮ್ಮನ ರಾಜ್ಯದಲ್ಲಿ ಬಾಣಂತಿ ಓದಬಾರದು, ಬರೆಯಬಾರದು, ಮೊಬೈಲು ಮುಟ್ಟಬಾರದು. ಕಣ್ಣು ಹೋಗುತ್ತದಂತೆ. ಮೊಬೈಲನ್ನು ಜೋಳದ ಡಬ್ಬಿಯೊಳಗೆ ಹುಗಿದಿಟ್ಟಿದ್ದಾಳೆ. ನಿಮ್ಮಣ್ಣ ಫೋನು ಮಾಡಿದರೆ ಜೋಳವೇ ಗುರ್ ಎನ್ನುತ್ತದೆ. ನನ್ನ ಕಿವಿಯಲ್ಲಿ ಹತ್ತಿ, ಅದರ ಮೇಲೆ ಸ್ಕಾರ್ಫು, ಅದರ ಮೇಲೆ ಹಳೆಯ ಸೀರೆಯ ತುಂಡು. ಯಾರಾದರೂ ಮಾತಾಡಿಸಿದರೆ ಬಾವಿಯೊಳಗಿಂದ ಕೂಗಿದ ಹಾಗೆ ಕೇಳಿಸುತ್ತದೆ.

ಇರಲಿ, ನಗುವ ಮಾತು ಬದಿಗಿಟ್ಟು ಹೇಳುತ್ತೇನೆ. ಜನವರಿ ಕೊನೆಗೆ ನಮ್ಮ ಪರೀಕ್ಷೆ. ಅವ್ವನ ಮುಂದೆ ಆ ಮಾತು ತೆಗೆದೆ. "ಮೂರ್ ತಿಂಗಳ ತನಕ ಬಾಣಂತಿ ಹೊಸ್ತಿಲ ದಾಟಂಗಿಲ್ಲ. ಪರೀಕ್ಷಿ ಮುಂದಿನ ವರ್ಷಾನೂ ಬರ್ತದ, ನಡಾ ಹ್ವಾದ್ರ ಹೊಳ್ಳಿ ಬರಂಗಿಲ್ಲ" ಎಂದಳು. ಮಾವ ನಮ್ಮಿಬ್ಬರನ್ನು ಮಾನ್ವಿಯಿಂದ ಯರಗೇರಾದ ವಿಶ್ವವಿದ್ಯಾಲಯಕ್ಕೆ ಕಳಿಸುವಾಗ ಹೇಳಿದ್ದು ನೆನಪಿದೆಯಲ್ಲ? "ಹ್ವಾದ್ರ ಜೋಡಿ ಹೋಗ್ರಿ, ಬಿಟ್ರ ಜೋಡಿ ಬಿಡ್ರಿ." ನಾನು ಪರೀಕ್ಷೆಗೆ ಕೂರದಿದ್ದರೆ ನಿನ್ನ ಎಂ.ಕಾಂ. ಕೂಡ ಅಲ್ಲಿಗೇ ನಿಲ್ಲುತ್ತದೆ. ನನ್ನ ಸೊಂಟ ಉಳಿಸಲು ಹೋಗಿ ನಿನ್ನ ಓದು ಕೆಡಿಸಿದೆ ಅನ್ನಿಸಿಕೊಳ್ಳಲು ನನಗೆ ಮನಸ್ಸಿಲ್ಲ.

ಅದಕ್ಕೇ ಕಾಗದ. ಬೀಗರ ಮನೆಯ ಕಾಗದವನ್ನು ಓದಿ ಹೇಳಬೇಡ ಎನ್ನುವ ಧೈರ್ಯ ಅವ್ವನಿಗಿಲ್ಲ, ಮರ್ಯಾದೆಯ ಪ್ರಶ್ನೆ. ನೀನು ಪಾಠ ಬರೆದು ಕಳಿಸು, ಕಹಕಶಾನ್ ಓದಲಿ, ನಾನು ಕೇಳುತ್ತೇನೆ. ಪರೀಕ್ಷೆಗೆ ಕೂತು ಬರೆಯುವುದು ದೇವರಿಟ್ಟ ಹಾಗೆ ಆಗಲಿ.

ನಿನ್ನ ಅತ್ತಿಗೆ,
ಸೌಭಾಗ್ಯ

ಯಶೋಧಾ ಅಕ್ಕಾ, ನಾನು ಕಹಕಶಾನ್. ಲೆಕ್ಕದಲ್ಲಿ 'ಅ' ಮತ್ತು 'ಬ' ಪಾಲುದಾರರು ಎಂದು ಬರೆಯಬೇಡಿ. ನಿಮ್ಮ ಹಳೆಯ ನೋಟ್ಸು ಓದಿ ಹೇಳುವಾಗ ನನಗೇ ನಿದ್ದೆ ಬಂತು, ಕೂಸಿಗಿಂತ ಮೊದಲು. ಮನೆಯವರ ಹೆಸರು ಹಾಕಿ.


ರಾಯಚೂರು
೧೬ ಡಿಸೆಂಬರ್ ೨೦೨೪

ಅತ್ತಿಗೆ,

ನಿನ್ನ ಕಾಗದ ಬಂತು. ಮನೆ ಮಾಲಕಿ ಗೋಪಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದರು. "ಕರೆಂಟ್ ಬಿಲ್ಲಲ್ಲ, ಖರೇನ ಕಾಗದ ಅದ ನೋಡವಾ!" ಎಂದು ಅರ್ಧ ಓಣಿಗೆ ಕೇಳುವಂತೆ ಹೇಳಿದರು.

ನೀನಿಲ್ಲದೆ ಖೋಲಿ ದೊಡ್ಡದಾಗಿದೆ, ಅಡಿಗೆ ಹಾಳಾಗಿದೆ. ಯರಗೇರಾ ಬಸ್ಸಿನಲ್ಲಿ ನಿನಗಾಗಿ ಸೀಟು ಹಿಡಿಯುವ ಚಾಳಿ ಇನ್ನೂ ಹೋಗಿಲ್ಲ. ನಿನ್ನೆ ಕರ್ಚೀಫು ಹಾಕಿ ಕೂತಿದ್ದೆ. ಒಬ್ಬ ಅಜ್ಜಿ ಬಂದು, "ಯಾರ್ ಬರ್ತಾರವಾ?" ಎಂದಳು. "ನಮ್ಮತ್ತಿಗಿ" ಎಂದೆ. "ಎಲ್ಲದಾಳ?" "ದೇವದುರ್ಗದಾಗ." ಅಜ್ಜಿ ಕರ್ಚೀಫು ಎತ್ತಿ ನನ್ನ ಕೈಗೆ ಕೊಟ್ಟು ಕೂತಳು.

ಅಪ್ಪನಿಗೆ ಫೋನು ಮಾಡಿ ಕೇಳಿಯೇ ಬಿಟ್ಟೆ. ಅತ್ತಿಗೆ ಈ ಸಲ ಬರೆಯದಿದ್ದರೂ ನಾನೊಬ್ಬಳೇ ಇದ್ದು ಮುಂದುವರಿಸಲೇ ಎಂದು. "ಒಂಟೆತ್ತು ಕಟ್ಟಿ ಯಾರರ ಹೊಲದಾಗ ಗಳೆ ಹೊಡಿತಾರೇನಬೇ?" ಎಂದರು. ಸಿಟ್ಟಿಲ್ಲ, ಬೈಗುಳವಿಲ್ಲ, ಅಷ್ಟೇ ಮಾತು. ಸಿಟ್ಟು ಮಾಡಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಹಾಗಾಗಿ ನಿನಗೆ ಪಾಠ ಹೇಳುವುದು ಈಗ ನನ್ನ ಹೊಟ್ಟೆಪಾಡು ಎಂದು ತಿಳಿ.

ಮೊದಲು ಅರ್ಥಶಾಸ್ತ್ರ. ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ. ಹೆದರಬೇಡ, ಹೆಸರಷ್ಟೇ ಉದ್ದ. ಹಸಿದವನಿಗೆ ಮೊದಲ ರೊಟ್ಟಿ ಕೊಡುವ ಸುಖವನ್ನು ಎರಡನೆಯದು ಕೊಡುವುದಿಲ್ಲ, ಎರಡನೆಯದರಷ್ಟು ಮೂರನೆಯದು ಕೊಡುವುದಿಲ್ಲ. ತಿನ್ನುತ್ತ ಹೋದಂತೆ ಒಂದೊಂದು ರೊಟ್ಟಿಯ ರುಚಿ ಇಳಿಯುತ್ತ ಬರುತ್ತದೆ. ಇದನ್ನು ನಿನ್ನದೇ ಉದಾಹರಣೆಯಿಂದ ವಿವರಿಸಿ ಬರೆ. ಲೆಕ್ಕಶಾಸ್ತ್ರವನ್ನು ಮುಂದಿನ ಕಾಗದದಲ್ಲಿ ಕಳಿಸುತ್ತೇನೆ.

ನಿನ್ನ ಒಂಟೆತ್ತು,
ಯಶೋಧಾ


ದೇವದುರ್ಗ
೨೪ ಡಿಸೆಂಬರ್ ೨೦೨೪

ಯಶೋಧಾ,

ಉದಾಹರಣೆ ಹುಡುಕಲು ನಾನು ಹೊರಸಿನಿಂದ ಇಳಿಯಬೇಕಾಗಲಿಲ್ಲ. ನಮ್ಮವ್ವ ಅಂಟಿನ ಉಂಡೆ ಕಟ್ಟಿದ್ದಾಳೆ. ಒಣಕೊಬ್ಬರಿ, ಬೆಲ್ಲ, ಅಳ್ವಿ ಬೀಜ, ಕೈತುಂಬ ತುಪ್ಪ. ಬೆಳಿಗ್ಗೆ ಎರೆದುಕೊಂಡು ಬಂದ ಮೇಲೆ ತಿನ್ನುವ ಮೊದಲ ಉಂಡೆ ಸ್ವರ್ಗ. ಎರಡನೆಯದು ಒಳ್ಳೆಯ ಉಂಡೆ. ಮೂರನೆಯದು ಕರ್ತವ್ಯ. ನಾಲ್ಕನೆಯದನ್ನು ನೋಡಿದರೆ ತವರುಮನೆ ಯಾಕೆ ಬೇಕಿತ್ತು ಅನ್ನಿಸುತ್ತದೆ. ಇದಕ್ಕೇ ಇಳಿಮುಖ ಎನ್ನುತ್ತಾರೆ ಎಂದು ಅವ್ವನಿಗೂ ತಿಳಿಸಿ ಹೇಳಿದೆ. ಆಕೆ ನನ್ನ ಮುಖ ನೋಡಿ, "ಇಳಿಮುಖ ಆಗಬಾರದಂತನ ಉಂಡಿ ಕಟ್ಟೀನಿ, ತಿನ್ನು" ಎಂದಳು.

ಪರೀಕ್ಷೆಯ ಮಾತು ಮತ್ತೊಮ್ಮೆ ತೆಗೆದೆ. ಕೆಂಡಕ್ಕೆ ಓಮ ಹಾಕುತ್ತಿದ್ದವಳು ಇನ್ನೂ ಒಂದು ಹಿಡಿ ಹಾಕಿದಳು. ಹೊಗೆಗೆ ನಾನು ಕೆಮ್ಮತೊಡಗಿದೆ, ಮಾತು ಮುಗಿಯಿತು.

ನೀನು ಕೊಟ್ಟುಹೋದ ನೋಟ್ಸಿನಲ್ಲಿ 'ಪಾಲುದಾರಿಕೆಯ ವಿಸರ್ಜನೆ' ಎಂಬ ಪಾಠವಿದೆ. ಕಹಕಶಾನ್‌ಗೆ ವಿಸರ್ಜನೆ ಎಂದರೆ ಗಣಪತಿ ಒಂದೇ ಗೊತ್ತು. ಆ ಪದ ಬಂದಾಗಲೆಲ್ಲ ಡೊಳ್ಳು ಬಾರಿಸಿದ ಹಾಗೆ ಬಾಯಲ್ಲಿ ಸದ್ದು ಮಾಡುತ್ತಾಳೆ. ಆ ಪಾಠವನ್ನು ನಾವು ಮಾತಾಡುವ ಪದಗಳಲ್ಲಿ ಬರೆದು ಕಳಿಸು. ಇನ್ನೊಂದು ಮಾತು. ಹೆಸರು ಹಾಕುವಾಗ ನಿಮ್ಮಣ್ಣನ ಹೆಸರು ಹಾಕಬೇಡ. ಉತ್ತರ ಹೇಳುವಾಗ ನಾನು ಹೇಗೆ ಉಚ್ಚರಿಸಲಿ?

ನಿನ್ನ ಸೊಸೆ ಈಗ ಬೆಳಕಿನ ಕಡೆ ಕತ್ತು ಹೊರಳಿಸುತ್ತಾಳೆ. ನಿನ್ನ ಮೂಗು ಬಂದಿಲ್ಲ, ದೇವರು ದೊಡ್ಡವನು.

ನಿನ್ನ ಅತ್ತಿಗೆ,
ಸೌಭಾಗ್ಯ


ರಾಯಚೂರು
೧ ಜನವರಿ ೨೦೨೫

ಅತ್ತಿಗೆ,

ಈ ಸಲ ಪೀಠಿಕೆ ಇಲ್ಲ, ನೇರವಾಗಿ ಲೆಕ್ಕ. ಅಂಗಡಿಯೂ ನಮ್ಮದೇ, ಅಣ್ಣನ ಹೆಸರೇ ಹಾಕಿದ್ದೇನೆ. ಮದುವೆಯಾಗಿ ಇಷ್ಟು ದಿನವಾಯಿತು, ಒಮ್ಮೆಯಾದರೂ ಬಾಯಿಬಿಟ್ಟು ಹೇಳು.

ಮಾನ್ವಿಯಲ್ಲಿ ನಾಗೇಶ ಮತ್ತು ಪಂಪಾಪತಿ ಕಾಕಾ ಕೂಡಿ ಶಾಮಿಯಾನಾ ಅಂಗಡಿ ನಡೆಸುತ್ತಿದ್ದರು. ನಾಗೇಶನದು ಮೂರು ಪಾಲು, ಕಾಕಾನದು ಎರಡು. ಹೊಸ ವರ್ಷಕ್ಕೆ ಇಬ್ಬರೂ ಪಾಲಾದರು. ದೊಡ್ಡ ಕಡಾಯಿಯನ್ನು ಕಾಕಾ ತನ್ನ ಪಾಲಿಗೆ ಎತ್ತಿಕೊಂಡ. ಕುರ್ಚಿಗಳನ್ನು ನಾಗೇಶ ಇಟ್ಟುಕೊಂಡ. ಹಳೆಯ ಶಾಮಿಯಾನಾ ಯಾರಿಗೂ ಬೇಡವಾಯಿತು. ಇಬ್ಬರ ಬಂಡವಾಳ ಖಾತೆಗಳನ್ನೂ ಮುಗಿಸಿ ತೋರಿಸು. ಬೆಲೆಗಳನ್ನೆಲ್ಲ ಕೆಳಗೆ ಬರೆದಿದ್ದೇನೆ.

ಅಂದಹಾಗೆ ಹೊಸ ಪಾಲುದಾರರನ್ನು ಸೇರಿಸಿಕೊಳ್ಳುವ ಪಾಠ ಪುಸ್ತಕದಲ್ಲಿ ಇದಕ್ಕಿಂತ ಮೊದಲಿದೆ. ಸರ್ ಅದನ್ನು ಮುಂದಿನ ಸೆಮಿಸ್ಟರಿಗೆ ತಳ್ಳಿದ್ದಾರೆ. "ಮೊದಲು ಬಿಡೂದು ಕಲೀರಿ, ಕೂಡೂದು ಆಮ್ಯಾಲ" ಎಂದರು, ಇಡೀ ಕ್ಲಾಸು ನಕ್ಕಿತು.

ಕಹಕಶಾನ್, ಹಿಂದಿನ ಪುಟದಲ್ಲಿ ಇರುವುದನ್ನು ಅತ್ತಿಗೆಗೆ ಈಗಲೇ ಹೇಳಬೇಡ. ಅದು ಉತ್ತರ. ಆಕೆ ಮೊದಲು ತಾನೇ ಮಾಡಲಿ.

ಯಶೋಧಾ


ಮಾನ್ವಿ
೬ ಜನವರಿ ೨೦೨೫

ಅತ್ತಿಗೆ,

ಮೊದಲೇ ಹೇಳಿಬಿಡುತ್ತೇನೆ. ಮಾನ್ವಿಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ದೊಡ್ಡ ಕಡಾಯಿಯೂ ಚೆನ್ನಾಗಿದೆ. ನಿಮ್ಮವ್ವ ಉಂಡೆಗೆ ಅಂಟು ತರಲು ಸಿರವಾರಕ್ಕೆ ಹೋಗುತ್ತೇನೆ ಎಂದು ನಿನಗೆ ಹೇಳಿ ಬಂದರಂತಲ್ಲ, ಅವರು ಸಿರವಾರದಲ್ಲಿ ಬಸ್ಸು ಇಳಿಯಲೇ ಇಲ್ಲ. ನಿಮ್ಮ ಸೋದರಮಾವ ಯಂಕೋಬಪ್ಪನನ್ನು ಕರೆದುಕೊಂಡು ನೇರ ನಮ್ಮ ಮನೆಗೇ ಬಂದರು.

ಭಾನುವಾರವೆಂದು ನಾನೂ ಊರಿಗೆ ಬಂದಿದ್ದೆ. ಅಣ್ಣ ಮತ್ತು ಕಾಕಾ ಬಾಗಿಲ ಮುಂದೆ ಕುರ್ಡಿ ಊರಿನ ಜಾತ್ರೆಗೆ ಸಾಮಾನು ತುಂಬುತ್ತಿದ್ದರು. ಇಬ್ಬರೂ ದೊಡ್ಡ ಕಡಾಯಿಯ ಎರಡು ಕಿವಿ ಹಿಡಿದು ಟೆಂಪೋಗೆ ಎತ್ತುವ ಹೊತ್ತಿಗೆ ನಿಮ್ಮವ್ವ ಬಂದು ನಡುವೆ ನಿಂತರು.

"ಕೆಳಗಿಡ್ರಿ ಅದನ್ನ" ಎಂದರು.

ಅಣ್ಣ ಗಾಬರಿಯಾಗಿ, "ಯಾಕ್ರೀ ಅತ್ತಿ, ಕೂಸು ಆರಾಮ ಅದ ಇಲ್ರಿ?" ಎಂದ.

"ಕೂಸು ಆರಾಮ ಅದ. ಮನಿ ಆರಾಮ ಇಲ್ಲ. ಕಡಾಯಿ ಒಬ್ರಿಗೆ, ಕುರ್ಚಿ ಒಬ್ರಿಗೆ ಅಂತ. ಒಳಗ ಹಸಿ ಬಾಣಂತಿ ಮಲಗ್ಯಾಳ, ಆಕಿಗೆ ಹೇಳಬ್ಯಾಡ ಅಂತ ಬ್ಯಾರೆ ಬರದೀರಿ. ನಾ ಹಿರ್ಯಾರನ್ನ ಕರ್ಕೊಂಡ ಬಂದೀನಿ. ಕುಂದರ್ರಿ, ಮಾತಾಡೂನು."

ನನಗೆ ಆಗ ಹೊಳೆಯಿತು. ಕಾಗದ ಬಂದ ದಿನ ಕಹಕಶಾನ್ ಕಾಲೇಜಿಗೆ ಹೋಗಿದ್ದಳಂತೆ. ನಿಮ್ಮವ್ವ ತಡೆಯಲಾರದೆ ಯಂಕೋಬಪ್ಪನಿಂದ ಓದಿಸಿದ್ದಾರೆ. ಆತ ಒಂದೊಂದೇ ಅಕ್ಷರ ಕೂಡಿಸಿ ಓದುವವನು. 'ಪಾಲಾದರು' ಎಂಬಲ್ಲಿಗೆ ಬಂದಾಗ ನಿಮ್ಮವ್ವ ಎದೆ ಹಿಡಿದುಕೊಂಡರಂತೆ, ಮುಂದೆ ಪಾಠ, ಪುಸ್ತಕ ಎಂದದ್ದು ಕಿವಿಗೇ ಬೀಳಲಿಲ್ಲವಂತೆ. 'ಅತ್ತಿಗೆಗೆ ಈಗಲೇ ಹೇಳಬೇಡ' ಎಂಬಲ್ಲಿ "ಸಾಕು ಬಿಡಪಾ" ಎಂದು ಕಾಗದ ಕಿತ್ತುಕೊಂಡರಂತೆ. 'ಅದು ಉತ್ತರ' ಎಂಬ ಮಾತಿನವರೆಗೆ ಯಂಕೋಬಪ್ಪ ತಲುಪಲೇ ಇಲ್ಲ. ಫೋನು ಮಾಡಿ ಕೇಳಬಹುದಿತ್ತಲ್ಲ ಎಂದು ನಮ್ಮವ್ವ ವೆಂಕಮ್ಮ ಕೇಳಿದಳು. "ಫೋನಿನ್ಯಾಗ ಕೇಳಿದ್ರ ಎಲ್ರೂ ಏನಿಲ್ಲ ಅಂತಾರ" ಎಂದರು ನಿಮ್ಮವ್ವ.

ನಾನು ಪುಸ್ತಕ ತಂದು ತೋರಿಸಿದೆ. ಇದು ಪಾಠ, ನಾನು ಹುಟ್ಟಿಸಿದ ಲೆಕ್ಕ, ಯಾರೂ ಪಾಲಾಗಿಲ್ಲ ಎಂದು ಬಿಡಿಸಿ ಹೇಳಿದೆ. ಕಾಕಾ ಕಡಾಯಿಯ ಅಂಚಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಸುಳ್ಳ ಲೆಕ್ಕದಾಗರ ಕಡಾಯಿ ನನಗ ಬಂತಲ್ಲ!" ಎಂದ. ಎಲ್ಲರೂ ನಕ್ಕೆವು. ನಿಮ್ಮವ್ವ ಮಾತ್ರ ನಗಲಿಲ್ಲ. ಚಹಾದ ಬಟ್ಟಲು ಹಿಡಿದುಕೊಂಡು ಕೂತಿದ್ದರು. ಆಮೇಲೆ ಹೇಳಿದರು. ಅವರ ಮಾತನ್ನು ಹಾಗೇ ಬರೆಯುತ್ತೇನೆ.

"ಸೌಭಾಗ್ಯ ಹುಟ್ಟಿದಾಗ ನಾ ತವರಿನ್ಯಾಗ ಇದ್ನಿ. ದೇವದುರ್ಗದಾಗ ನನ್ನ ಗಂಡನ ಮನಿ ಪಾಲಾತು. ತವರಿನ್ಯಾಗ ಎಲ್ರಿಗೂ ಗೊತ್ತಿತ್ತು. ಬಾಣಂತಿಗೆ ಹೇಳಬಾರದು, ಎದಿಹಾಲು ಆರ್ತದ ಅಂದ್ರು. ಕಿವ್ಯಾಗ ಹತ್ತಿ ಇಟ್ಕೊಂಡು ಮಲಗಿದ್ನಿ, ನನಗೇನ್ ಕೇಳಬೇಕು. ಕೂಸಿನ್ನ ಎತ್ಕೊಂಡು ಮನಿಗಿ ಹ್ವಾದ್ರ ಪಡಸಾಲಿ ನಡುವ ಗ್ವಾಡಿ ಎದ್ದಿತ್ತು. ನನ್ನ ಪಾಲಿಗಿ ಕಿಟಕಿ ಇಲ್ಲದ ಕಡಿ ಬಂದಿತ್ತು. ಯಾಕ ಹಿಂಗ ಅಂದ್ರ, 'ನೀ ಇರಲಿಲ್ಲಲ್ಲಬೇ' ಅಂದ್ರು."

ನಿನಗೆ ಇದು ಗೊತ್ತಿತ್ತೇ ಅತ್ತಿಗೆ? ಆ ಕಿಟಕಿ ಇಲ್ಲದ ಮನೆಯಲ್ಲೇ ನೀನು ಬೆಳೆದದ್ದು, ಈಗ ಮಲಗಿರುವುದೂ ಅಲ್ಲೇ ಅಲ್ಲವೇ?

ಆಮೇಲೆ ಅವರು ನನ್ನ ಕಡೆ ತಿರುಗಿ ಕೇಳಿದರು. "ಹಂಗಾರ ನೀವಿಬ್ರೂ ಹೆಣಮಕ್ಕಳು ರಾಯಚೂರಿನ್ಯಾಗ ಇದ್ದು ಕಲಿಯಾಕತ್ತಿದ್ದು ಇದನ್ನೇನು? ಮನಿ ಒಡಿಯೂದು?"

"ಇಲ್ರಿ ಯವ್ವಾ" ಎಂದೆ. "ಒಡಿಯೂ ಹೊತ್ತು ಬಂದ್ರ, ಅಲ್ಲಿ ಇಲ್ಲದವರ ಪಾಲೂ ಕಡಿಮಿ ಬೀಳಬಾರದು, ಅದನ್ನ ಕಲಿಯಾಕತ್ತೀವಿ."

ಆ ಮಾತು ನನ್ನ ಬಾಯಿಗೆ ಹೇಗೆ ಬಂತೋ. ಸರ್ ಹಾಗೆಂದು ಎಂದೂ ಹೇಳಿಲ್ಲ. ನಿಮ್ಮವ್ವ ಚಹಾ ಕುಡಿದು ಬಟ್ಟಲು ಕೆಳಗಿಟ್ಟು, "ಸಂಜಿ ಬಸ್ಸು ಎಷ್ಟೊತ್ತಿಗದ?" ಎಂದರು. ಅಷ್ಟೇ. ಹೋಗುವಾಗ ಅಣ್ಣನ ಕೈಯಿಂದ ಅಂಟು ತರಿಸಿಕೊಂಡರು. ಸುಳ್ಳು ಹೇಳಿ ಬಂದಿದ್ದನ್ನು ಖರೆ ಮಾಡಿಕೊಂಡು ಹೋದರು.

ಪರೀಕ್ಷೆಯ ಬಗ್ಗೆ ಕೇಳುವ ಧೈರ್ಯ ನನಗೆ ಆಗಲಿಲ್ಲ. ನೀನು ಕೇಳಿ ನೋಡು.

ಯಶೋಧಾ


ದೇವದುರ್ಗ
೧೧ ಜನವರಿ ೨೦೨೫

ಯಶೋಧಾ,

ಅಕ್ಷರ ನೋಡು! ಇದು ನನ್ನದೇ ಕಾಗೆ ಕಾಲು, ಗುಬ್ಬಿ ಕಾಲು. ಕಹಕಶಾನ್ ಪಕ್ಕದಲ್ಲಿ ಕೂತು ಕೆಲಸ ಹೋದವರ ಹಾಗೆ ಮುಖ ಮಾಡಿದ್ದಾಳೆ.

ನನಗೆ ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗ ನಮ್ಮ ಮನೆಗೆ ಯಾಕೆ ಕಿಟಕಿ ಇಲ್ಲ ಎಂದು ಕೇಳಿದ್ದೆ. "ಗಾಳಿ ಬ್ಯಾಡಂತ" ಎಂದಿದ್ದಳು. ನಾನು ಇಷ್ಟು ವರ್ಷ ನಂಬಿದ್ದೆ. ನಿನ್ನ ಕಾಗದ ಕೇಳಿ ಅತ್ತುಬಿಟ್ಟೆ. ಬಾಣಂತಿ ಅಳಬಾರದು ಎಂದು ಕಹಕಶಾನ್ ಹೆದರಿದಳು, ಅವಳೂ ಅತ್ತಳು.

ಅವ್ವ ಮಾನ್ವಿಯಿಂದ ಬಂದವಳೇ ಅಂಟು ಹುರಿಯಲು ಕೂತಳು. ಮರುದಿನ ನನಗೆ ಎರೆದು, ಕೂಸಿಗೆ ಎರೆದು, ಹೊಗೆ ಹಾಕಿ, ಹೊರಸಿನ ತುದಿಯಲ್ಲಿ ಕೂತಳು. ಮಡಿಲಿನಿಂದ ನನ್ನ ಮೊಬೈಲು ತೆಗೆದು ಮುಂದಿಟ್ಟಳು. ಅದರ ತೂತುಗಳಲ್ಲಿ ಇನ್ನೂ ಜೋಳದ ಪುಡಿ ಇದೆ.

"ಬಾಣಂತಿ ಕಿವ್ಯಾಗ ಹತ್ತಿ ಇಡೂದು ಗಾಳಿಗಿ. ಸುದ್ದಿಗಲ್ಲ" ಎಂದಳು. ನನ್ನ ಸ್ಕಾರ್ಫು ಬಿಗಿ ಮಾಡಿ, "ಯಾವತ್ತದ ನಿಮ್ಮ ಪರೀಕ್ಷಿ?" ಎಂದು ಕೇಳಿದಳು.

ಷರತ್ತುಗಳಿವೆ. ಬಸ್ಸು ಬೇಡ, ಪೀರಾ ಸಾಬರ ಕಾರಿನಲ್ಲಿ ಗಾಜು ಏರಿಸಿಕೊಂಡು ಹೋಗಬೇಕು. ಕೂಸು, ಅವ್ವ, ಬಿಸಿನೀರಿನ ಫ್ಲಾಸ್ಕು, ಉಂಡೆಯ ಡಬ್ಬಿ ಜೊತೆಗೆ. ನಾನು ಎಲ್ಲದಕ್ಕೂ ಹೂಂ ಎಂದೆ. ನಾಲ್ಕನೆಯ ಉಂಡೆಗೂ ಹೂಂ ಎಂದೆ.

ಈಗ ನಿನ್ನ ಲೆಕ್ಕ. ಉತ್ತರ ಬಂತು. 'ನಿಮ್ಮಣ್ಣನ ಬಂಡವಾಳ ಖಾತೆ' ಎಂದು ಬರೆದು ಮುಗಿಸಿದ್ದೆ. ಕಹಕಶಾನ್ ಅದನ್ನು ಅವ್ವನ ಮುಂದೆ ಓದಿದಳು. "ಸರಿಯಾಗಿ ಬರಿ. ಹೆಸರ ಬರದ್ರ ಗಂಡ ಸವದು ಹೋಗಂಗಿಲ್ಲ" ಎಂದಳು ಅವ್ವ. ಸಾಮಾನಿನ ಸವಕಳಿಯ ಪಾಠವನ್ನು ಆಕೆಗೆ ಯಾರು ಹೇಳಿಕೊಟ್ಟರೋ! ತಿದ್ದಿ ಬರೆದಿದ್ದೇನೆ, ಹಿಂದಿನ ಪುಟದಲ್ಲಿದೆ. ನಿಮ್ಮಣ್ಣನಿಗೆ ತೋರಿಸಿದರೆ ನಿನ್ನನ್ನು ಬಿಡುವುದಿಲ್ಲ.

ಯರಗೇರಾದಲ್ಲಿ ಸಿಗೋಣ. ಮಾವನಿಗೆ ಫೋನು ಮಾಡಿ ಹೇಳು, ಜೋಡೆತ್ತು ಬರುತ್ತಿದೆ ಎಂದು.

ನಿನ್ನ ಅತ್ತಿಗೆ,
ಸೌಭಾಗ್ಯ


ದೇವದುರ್ಗ
೩ ಫೆಬ್ರುವರಿ ೨೦೨೫

(ಯಶೋಧಾ ಅಕ್ಕಾ, ಇದು ಸೂಗಮ್ಮ ಹೇಳಿ ಬರೆಸುತ್ತಿರುವ ಕಾಗದ. ಹೇಳಿದ್ದನ್ನು ಹೇಳಿದ ಹಾಗೇ ಇಳಿಸಿದ್ದೇನೆ. ಪುಸ್ತಕದ ಕನ್ನಡ ಮಾಡಿದರೆ ಬೈಯುತ್ತಾರೆ. – ಕಹಕಶಾನ್)

ಯಶೋಧವ್ವಾ,

ನಾ ಸೂಗಮ್ಮ ಹೇಳಾಕತ್ತೀನಿ. ನಿಮ್ಮತ್ತಿಗಿ ಮಲಗ್ಯಾಳ, ಕೂಸೂ ಮಲಗೇದ. ನಡಾ ಏನೂ ಹೋಗಿಲ್ಲ, ಚಿಂತಿ ಮಾಡಬ್ಯಾಡ. ಪರೀಕ್ಷಿ ಚಂದ ಬರದೀನಿ ಅಂತಾಳ. ಪಾಸೋ ಫೇಲೋ ಆಮ್ಯಾಲ ನೋಡೂನು.

ಆವತ್ತು ಪರೀಕ್ಷಿಗಿ ಬಂದಾಗ ಗೇಟಿನ ಹತ್ರ ಆಕಿ ಕಿವ್ಯಾಗಿನ ಹತ್ತಿ ನಾನ ತಗದ್ನಲ್ಲ, ಒಳ ಹ್ವಾದ ಮ್ಯಾಲ ಮಾಸ್ತರು ಏನರ ಹೇಳಿದ್ರ ಆಕಿಗಿ ಕೇಳಲಿ ಅಂತ. ನೀವು ಬರಿಯೂ ತನಕ ಆ ಹತ್ತಿ ನನ್ನ ಮುಷ್ಟ್ಯಾಗ ಇತ್ತು. ಬೇವಿನ ಗಿಡದ ಕೆಳಗ ಕೂಸಿನ್ನ ತೊಡಿ ಮ್ಯಾಲ ಹಾಕ್ಕೊಂಡು ಕುಂತಿದ್ನಿ. ಒಬ್ಬ ವಾಚ್‌ಮನ್ ಬಂದ. "ಯಾಕ ಕುಂತೀಯವ್ವಾ, ಯಾರದು ಪರೀಕ್ಷಿ?" ಅಂದ. "ನಮ್ಮದು" ಅಂದ್ನಿ. "ನಮ್ಮದು ಅಂದ್ರ?" ಅಂದ. "ನಮ್ಮದು ಅಂದ್ರ ನಮ್ಮದಪಾ" ಅಂದ್ನಿ. ಪಾಪ, ಕುರ್ಚಿ ತಂದು ಕೊಟ್ಟ.

ನಿಮ್ಮಪ್ಪಗ ಹೇಳು, ಜೋಡಿ ಹ್ವಾದ್ವು, ಜೋಡಿ ಬಂದ್ವು. ಇನ್ನ ಮುಂದ ಯಾರೂ ಬಿಡಸಾಕ ಬರಬಾರದು ಅಂತ ಸೂಗಮ್ಮ ಹೇಳ್ಯಾಳ ಅನ್ನು.

ಯಂಕೋಬ ಗ್ವಾಡಿ ಕಟ್ಟೂ ಗೌಂಡ್ಯಾನ್ನ ಕರ್ಕೊಂಡ ಬಂದಿದ್ದ. ಹೊರಸಿನ ಬಾಜೂಕ ಗ್ವಾಡಿ ಒಡದು ಸಣ್ಣದೊಂದು ಕಿಟಕಿ ಇಡಸೀನಿ. ಕೂಸು ಬೆಳಕಿನ ಕಡೀಗೆ ಕತ್ತು ಹೊಳ್ಳಸ್ತದಲ್ಲ, ಅದಕ್ಕ.

ನಿಮ್ಮ ಮುಂದಿನ ಪಾಠ ಯಾವದು ಅಂತ ಕಹಕಶಾನ್‌ಗ ಕೇಳಿದ್ನಿ. ಹೊಸಾ ಪಾಲುದಾರರನ್ನ ಸೇರಿಸ್ಕೊಳ್ಳೂದು ಅಂದ್ಲು. ಅದರ ಲೆಕ್ಕಾ ಬರದು ಕಳಸು. ಸೌಭಾಗ್ಯ ಮಾಡಲಿ, ನಾ ಕೇಳ್ತೀನಿ.

ಅದರಾಗ ನನ್ನ ಹೆಸರ ಹಾಕು.

ಇಂತಿ,
ಸೂಗಮ್ಮ